ರೊಕ್ಕಕ್ಕೆ ಮೋಸವಿಲ್ಲ, ತತ್ತ್ವಜ್ಞಾನಿ ಪರ್ಸ್‌ಗೆ ಮಾತ್ರ ಅನ್ಯಾಯ: ನವನಗರದ ರವಿವಾರದ ತತ್ತ್ವಶಾಸ್ತ್ರ ಕ್ಲಾಸು

ಬಾಗಲಕೋಟೆಯಲ್ಲಿ ಕ್ಲಾಸು ಅಂದರೆ ಪಿಎಸ್‌ಐ, ಕೆಎಎಸ್, ಟಿಇಟಿ. ಇವುಗಳ ನಡುವೆ ನವನಗರದ ಒಂದು ಪುಸ್ತಕದಂಗಡಿಯ ಮಹಡಿ ಮೇಲೆ ರವಿವಾರ ಸಂಜೆ ಆಸ್ಟ್ರಿಯಾ ಮೂಲದ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್‌ನ ಪಾಠ ನಡೆಯುತ್ತದೆ, ಅದೂ ಕನ್ನಡದಲ್ಲಿ. ತಿಂಗಳಿಗೆ 500 ರೂಪಾಯಿ, ಚಾ ಅದರಲ್ಲೇ ಬಂತು. ನಾನು ತತ್ತ್ವಶಾಸ್ತ್ರ ಓದಿದವನಲ್ಲ, ಭೂಮಾಪನ ಇಲಾಖೆಯಲ್ಲಿ ಚೈನು ಎಳೆದು ನಿವೃತ್ತನಾದವನು. ಬಾಗಿಲ ಬಳಿಯ ಬೋರ್ಡಿನಲ್ಲಿ ‘ಈ ಸಲ: ಖಾತ್ರಿ ಎಂದರೇನು?’ ಅಂತ ಬರೆದಿತ್ತು, ಸೇರಿಬಿಟ್ಟೆ. ಹದ್ದಿನ ಜಗಳದಲ್ಲಿ ಎರಡೂ ಕಡೆಯವರು ನೂರಕ್ಕೆ ನೂರು ಖಾತ್ರಿಯಿಂದ ಮಾತಾಡುವುದನ್ನು ಸರ್ವಿಸ್ ಪೂರ್ತಿ ಕೇಳಿದವನಿಗೆ ಆ ಪ್ರಶ್ನೆ ಬಿಟ್ಟಿರಲಾಗಲಿಲ್ಲ.

ಅನುಕೂಲದ ಮಾತು ಮೊದಲು ಮುಗಿಸುತ್ತೇನೆ. ಪ್ಲಾಸ್ಟಿಕ್ ಕುರ್ಚಿ, ಸದ್ದು ಮಾಡುವ ಫ್ಯಾನು, ಮಧ್ಯದಲ್ಲಿ ಚಾ ಜೊತೆ ಬಿಸಿ ಮಿರ್ಚಿ ಭಜಿ. ಭಜಿ ಚೆನ್ನಾಗಿರುತ್ತದೆ. ಕೊಡುವ ಝೆರಾಕ್ಸ್ ಚೆನ್ನಾಗಿರುವುದಿಲ್ಲ: ಎಡಪುಟದಲ್ಲಿ ಜರ್ಮನ್, ಬಲಪುಟದಲ್ಲಿ ಇಂಗ್ಲಿಷ್ ಇರುವ ಪುಸ್ತಕವನ್ನು ಒತ್ತಿ ಹಿಡಿದು ತೆಗೆದದ್ದು, ನಡುವಿನ ಅಕ್ಷರಗಳೆಲ್ಲ ಮಸಿ ನುಂಗಿದೆ. ಪುಣ್ಯಕ್ಕೆ ಸರ್ ಒಂದೊಂದು ಟಿಪ್ಪಣಿಯನ್ನೂ ಕನ್ನಡದಲ್ಲಿ ಹಲಗೆ ಮೇಲೆ ಬರೆದೇ ಮುಂದೆ ಹೋಗುತ್ತಾರೆ.

ಆ ಪುಸ್ತಕ ‘ಆನ್ ಸರ್ಟನ್ಟಿ’, ಅಂದರೆ ಖಾತ್ರಿಯ ಕುರಿತು, ವಿಟ್‌ಗೆನ್‌ಸ್ಟೈನ್ ಬದುಕಿನ ಕೊನೆಯ ಒಂದೂವರೆ ವರ್ಷದಲ್ಲಿ ಬರೆದಿಟ್ಟ 676 ಟಿಪ್ಪಣಿಗಳು. ಕೊನೆಯದರ ತಾರೀಖು 1951ರ ಏಪ್ರಿಲ್ 27, ತೀರಿಕೊಂಡದ್ದು 29ಕ್ಕೆ. ಮಾತಿನ ಮೂಲ ಕೇಂಬ್ರಿಜ್‌ನ ತತ್ತ್ವಜ್ಞಾನಿ ಜಿ.ಇ. ಮೂರ್. ಹೊರಗಿನ ಜಗತ್ತು ಇದೆ ಎಂದು ತೋರಿಸಲು ಈ ಪ್ರೊಫೆಸರು 1939ರಲ್ಲಿ ಬ್ರಿಟಿಷ್ ಅಕಾಡೆಮಿಯ ಉಪನ್ಯಾಸದಲ್ಲಿ ಕೈ ಎತ್ತಿ, ಇದೊಂದು ಕೈ, ಇಗೋ ಇನ್ನೊಂದು ಎಂದ. ನನ್ನ ಪಕ್ಕ ಕೂರುವ ಬೀಜ-ಗೊಬ್ಬರದ ಅಂಗಡಿಯವರಿಗೆ ತಡೆಯಲಾಗಲಿಲ್ಲ. “ಅಲ್ರೀ ಸರ, ಕೈ ಐತಿ ಅಂತ ಹೇಳಾಕ ಅಷ್ಟು ದೊಡ್ಡ ಸಭಾ ಕೂಡಸಬೇಕೇನ್ರಿ?”

ಸರ್ ನಕ್ಕು ತೇಲಿಸಿಬಿಡಲಿಲ್ಲ. “ವಿಟ್‌ಗೆನ್‌ಸ್ಟೈನ್‌ನ ತಕರಾರೂ ಹೆಚ್ಚುಕಡಿಮಿ ಅದ ಐತ್ರಿ. ಆದ್ರ ಸುಳ್ಳು ಹೇಳ್ಯಾನ ಅಂತ ಅಲ್ಲ, ‘ನನಗ ಗೊತ್ತೈತಿ’ ಅಂದದ್ದು ತಪ್ಪು ಅಂತ” ಎಂದರು. ಗೊತ್ತು ಎನ್ನುವವನಿಗೆ ಹೇಗೆ ಗೊತ್ತು ಎಂದು ಕೇಳಬಹುದು, ಅವನು ತಾಳೆ ನೋಡಿ ತೋರಿಸಬೇಕು. ಕೈ ಇದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಾಳೆ ಮಾಡುವುದಾದರೆ, ಕಣ್ಣನ್ನು ಯಾವುದರಿಂದ ತಾಳೆ ಮಾಡುತ್ತೀರಿ? ಎಲ್ಲವನ್ನೂ ಸಂಶಯಿಸಲು ಹೊರಟವನಿಗೆ ಸಂಶಯ ಶುರು ಮಾಡಲೂ ಜಾಗ ಉಳಿಯುವುದಿಲ್ಲ. ಬಾಗಿಲು ತಿರುಗಬೇಕಾದರೆ ತಿರುಗಣಿ ನಿಂತಿರಬೇಕು. ಇಷ್ಟನ್ನು ಅರ್ಧ ತಾಸು ನಿಧಾನವಾಗಿ ಬಿಡಿಸಿದರು. ಇಡೀ ಕ್ಲಾಸಿನಲ್ಲಿ ರೊಕ್ಕಕ್ಕೆ ಬೆಲೆ ಬಂದದ್ದು ಇಲ್ಲಿ.

ಹುಡುಗರಿಗೆ ಹಿಡಿಸಿದ್ದು ಚಂದ್ರನ ಕಥೆ. ಚಂದ್ರನ ಮೇಲೆ ಯಾರೂ ಹೋಗಿಲ್ಲ ಎಂಬುದನ್ನು ವಿಟ್‌ಗೆನ್‌ಸ್ಟೈನ್ ಅಲುಗಾಡದ ನಂಬಿಕೆಗಳ ಸಾಲಿನಲ್ಲೇ ಇಟ್ಟಿದ್ದ. ಟಿಪ್ಪಣಿಗಳು ಅಚ್ಚಾದದ್ದು 1969ರಲ್ಲಿ, ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಳಿದ ವರ್ಷವೇ! ಆದರೆ ಅವನೇ ಇನ್ನೊಂದು ಕಡೆ ಹೇಳಿಟ್ಟಿದ್ದಾನೆ: ಹರಿಯುವ ನೀರು ಬೇರೆ, ನದಿಯ ಪಾತ್ರ ಬೇರೆ, ಆದರೆ ಪಾತ್ರವೂ ಸರಿಯುತ್ತದೆ, ಎರಡರ ನಡುವೆ ಚೊಕ್ಕ ಗೆರೆ ಇಲ್ಲ. ಆಲಮಟ್ಟಿ ಹಿನ್ನೀರು ಹಳೇ ಊರಿನ ಓಣಿಗೆ ಬಂದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳುವ ಜರೂರೇ ಬೀಳಲಿಲ್ಲ.

ಇನ್ನು ನನ್ನ ತಕರಾರು. 422ನೇ ಟಿಪ್ಪಣಿಯಲ್ಲಿ ವಿಟ್‌ಗೆನ್‌ಸ್ಟೈನ್, ತಾನು ಹೇಳಹೊರಟದ್ದು ಪ್ರಾಗ್ಮ್ಯಾಟಿಸಂ (ವಿಚಾರದ ಅರ್ಥವನ್ನು ಅದರ ಪರಿಣಾಮದಲ್ಲಿ, ಬಳಕೆಯಲ್ಲಿ ಹುಡುಕುವ ಅಮೆರಿಕದ ಪಂಥ) ಥರ ಕೇಳಿಸುತ್ತಿದೆ ಎಂದು ಒಪ್ಪಿಕೊಂಡು, ಯಾವುದೋ ಒಂದು ಲೋಕದೃಷ್ಟಿ ತನಗೆ ಅಡ್ಡ ಬರುತ್ತಿದೆ ಎಂದು ಅಲ್ಲೇ ನಿಂತುಬಿಡುತ್ತಾನೆ. ಖಾತ್ರಿ ಇರುವುದು ತಲೆಯಲ್ಲಿ ಅಲ್ಲ, ಮಾಡುವ ಕೆಲಸದಲ್ಲಿ ಎನ್ನುವ ತನಕ ಅಮೆರಿಕದ ಆ ಪಂಥದವರ ಜೊತೆಗೇ ಬಂದವನು ಹೊಸ್ತಿಲಲ್ಲಿ ಯಾಕೆ ತಡೆದ? ಕ್ಲಾಸಿನಲ್ಲಿ ಸಿಕ್ಕ ಉತ್ತರ ತೀರಾ ಸಲೀಸು. ಹಲಗೆ ಮೇಲೆ ಆ ಪಂಥದ ವಿಲಿಯಂ ಜೇಮ್ಸ್‌ನ ಹೆಸರು, ಅವನ ‘ಪ್ರಾಗ್ಮ್ಯಾಟಿಸಂ’ ಪುಸ್ತಕದ ವರ್ಷ 1907 ಬರೆದು, ಕೆಳಗೆ ‘ಕೆಲಸಕ್ಕೆ ಬಂದದ್ದೇ ಸತ್ಯ’ ಎಂದು ಗೆರೆ ಎಳೆದು, ಇಷ್ಟು ಅಗ್ಗದ ಮಾತಿಗೆ ಅವನು ಸಹಿ ಹಾಕುತ್ತಾನೆಯೇ ಎಂದು ಮುಗಿಸಿದರು. ಜೇಮ್ಸ್ ಹೇಳಿದ್ದೂ ಅಷ್ಟು ಅಗ್ಗವಲ್ಲ. ಅದಿರಲಿ, ಈ ಪಂಥ ಹುಟ್ಟುಹಾಕಿದ ಚಾರ್ಲ್ಸ್ ಪರ್ಸ್‌ಗೆ ಝೆರಾಕ್ಸಿನಲ್ಲಿ ಸಿಕ್ಕದ್ದು ಐದು ಸಾಲು.

ಐದು ಸಾಲು ಕಂಡು ಕುತೂಹಲವಾಗಿ ಮನೆಗೆ ಬಂದು ಓದಿದರೆ, ಈ ಪುಣ್ಯಾತ್ಮ ನಮ್ಮ ಇಲಾಖೆಯವನು! ಮೂರು ದಶಕ ಅಮೆರಿಕದ ಕರಾವಳಿ ಸರ್ವೆಯಲ್ಲಿ ನೌಕರಿ, 1891ರ ತನಕ. ಲೋಲಕ ತೂಗಾಡಿಸಿ, ಗಡಿಯಾರ ಹಿಡಿದು ಹೊತ್ತು ಎಣಿಸಿ, ಗುರುತ್ವ ಅಳೆಯುವುದು ಕೆಲಸ. ಆಗ ಅವನು ಕಂಡದ್ದು: ಲೋಲಕ ತೂಗಿದಾಗ ಅದನ್ನು ಹೊತ್ತ ಸ್ಟ್ಯಾಂಡೂ ಸಣ್ಣಗೆ ಅಲುಗುತ್ತದೆ, ಅಳತೆ ಕೆಡುತ್ತದೆ. ಯುರೋಪಿನ ಸರ್ವೆಯವರು ಹಲವರು ಗಟ್ಟಿ ಎಂದು ನಂಬಿ ಬಿಟ್ಟಿದ್ದ ಆ ಸ್ಟ್ಯಾಂಡಿನ ಅಲುಗಾಟವನ್ನೇ ಅಳೆದು, 1877ರಲ್ಲಿ ಸ್ಟುಟ್‌ಗಾರ್ಟಿನ ಭೂಮಾಪನ ಸಮ್ಮೇಳನದಲ್ಲಿ ಲೆಕ್ಕ ಮುಂದಿಟ್ಟ. ಮನಸ್ಸಿನಲ್ಲಿಲ್ಲದ ಸಂಶಯವನ್ನು ತತ್ತ್ವಶಾಸ್ತ್ರಕ್ಕಾಗಿ ನಟಿಸಬೇಡಿ ಎಂದು 1868ರಲ್ಲೇ ಬರೆದವನೂ ಇವನೇ. ವಿಜ್ಞಾನ ನಿಂತಿರುವುದು ಬಂಡೆಯ ಮೇಲಲ್ಲ, ಜವುಗು ನೆಲದ ಮೇಲೆ, ಕುಸಿಯುವ ತನಕ ನಿಲ್ಲೋಣ ಎಂದವನೂ ಇವನೇ.

ಮುಂದಿನ ರವಿವಾರ ಇದನ್ನೇ ಎತ್ತಿದೆ. ಬಾಂದಕಲ್ಲಿನಿಂದ ಚೈನು ಹಿಡಿದಾಗ ನಾವು ಕಲ್ಲನ್ನು ಸಂಶಯಿಸುವುದಿಲ್ಲ, ಅಲ್ಲಿಗೆ ವಿಟ್‌ಗೆನ್‌ಸ್ಟೈನ್ ಖರೆ. ಆದರೆ ಇಲಾಖೆಯ ಸರ್ವೆ ಟಿಪ್ಪಣಿಯಲ್ಲಿದ್ದ ಅಳತೆ ಹೊಲದಲ್ಲಿ ಕೂಡಿಬರದಿದ್ದರೆ ಪಕ್ಕದ ಸರ್ವೆ ನಂಬರಿನ ಕಲ್ಲು ಹಿಡಿದು ಎಳೆಯುತ್ತೇವೆ. ಅಷ್ಟರಲ್ಲಿ ಯಾರೋ ನೇಗಿಲಿನ ನೆಪದಲ್ಲಿ ಕಲ್ಲನ್ನೇ ಎರಡು ಮಾರು ಸರಿಸಿದ್ದು ಹೊರಬೀಳುತ್ತದೆ. ಚೈನಿನದೂ ಹಾಗೇ, ಎಳೆದೆಳೆದು 33 ಅಡಿಯದು ಉದ್ದವಾಗುತ್ತದೆ, ಅದನ್ನೂ ಆಗಾಗ ತಾಳೆ ನೋಡಬೇಕು. ಯಾವ ಕಲ್ಲನ್ನೂ ಮುಟ್ಟಬಾರದು ಅಂತಿಲ್ಲ, ಎಲ್ಲಾ ಕಲ್ಲನ್ನೂ ಒಮ್ಮೆಗೇ ಕೀಳುವಂತಿಲ್ಲ, ಅಷ್ಟೇ.

“ಸ್ಟ್ಯಾಂಡ್ ಅಲುಗ್ತೈತಿ ಅಂತ ಅವಗ ಗೊತ್ತಾಗಬೇಕಾದ್ರ ಗಡಿಯಾರ ನಂಬಿರಬೇಕಲ್ರಿ?” ಎಂದು ಸರ್ ತಿರುಗಿ ಕೇಳಿದರು. ಒಳ್ಳೆಯ ಪ್ರಶ್ನೆ, ಒಪ್ಪಿದೆ. ಆದರೆ ಆ ತಳಪಾಯದ ಮಾತುಗಳು ಖರೆಯೂ ಅಲ್ಲ, ಸುಳ್ಳೂ ಅಲ್ಲ, ತಾಳೆಗೇ ಸಿಗುವುದಿಲ್ಲ ಎನ್ನುವ ಮಟ್ಟಕ್ಕೆ ವಿಟ್‌ಗೆನ್‌ಸ್ಟೈನ್ ಹೋದಾಗ ನನ್ನ ಓಟು ಪರ್ಸ್‌ಗೇ. ಇವತ್ತು ತಾಳೆ ನೋಡದ ಗಡಿಯಾರವನ್ನು ನಾಳೆ ನೋಡಬಹುದು. ನನ್ನ ಅಂದಾಜಿನಲ್ಲಿ 422ರಲ್ಲಿ ಅಡ್ಡ ಬಂದದ್ದು ಇದೇ, ಜೇಮ್ಸ್‌ನ ಅಗ್ಗದ ಮಾತಲ್ಲ. ಚಾ ಆರುವ ತನಕ ವಾದ ನಡೆಯಿತು, ಸರ್ ಸಿಟ್ಟಾಗಲಿಲ್ಲ. ಇಂಥ ಮಾಸ್ತರು ಸಿಗುವುದು ಅಪರೂಪ.

ಫ್ರಾಂಕ್ ರಾಮ್ಸಿಯ ಪಾಠವೂ ಚೆನ್ನಾಗಿತ್ತು. ಪರ್ಸ್‌ನನ್ನು ಓದಿ, ಕೇಂಬ್ರಿಜ್‌ನಲ್ಲಿ ವಿಟ್‌ಗೆನ್‌ಸ್ಟೈನ್ ಜೊತೆ ವಾದ ಮಾಡಿ, 1930ರಲ್ಲಿ 26ರ ಹರೆಯದಲ್ಲೇ ಹೋದ ಹುಡುಗ. ಎರಡೂ ಪಂಥಗಳ ನಡುವಿನ ದಾರಿ ಅವನೇ, ಆದರೆ ಅವನಿಗೆ ಕೊಟ್ಟದ್ದು ಭಜಿ ಬರುವ ಮುಂಚಿನ ಇಪ್ಪತ್ತು ನಿಮಿಷ. ಬರುವ ತಿಂಗಳು ಅಮೆರಿಕದ ತತ್ತ್ವಜ್ಞಾನಿ ಕ್ವೈನ್ ಇದ್ದಾನಂತೆ, 1951ರಲ್ಲೇ ತನ್ನದು ಇನ್ನಷ್ಟು ಪೂರಾ ಪ್ರಾಗ್ಮ್ಯಾಟಿಸಂ ಎಂದು ಬರೆದವನು. ಅದಕ್ಕೂ ಮೊದಲು ಪರ್ಸ್‌ಗೆ ಒಂದು ಪೂರ್ತಿ ಸಂಜೆ ಇಡಿ ಎಂದು ಹೇಳಿಬಂದಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಪರೀಕ್ಷೆಗೆ ನೋಟ್ಸ್ ಬೇಕಾದವರು ಬರಬೇಡಿ, ಸಿಗುವುದಿಲ್ಲ. ಮೊಣಕಾಲು ನೋವಿನವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ, ಮೆಟ್ಟಿಲು ಕಡಿದಾಗಿದೆ, ಹಿಡಿಕೆ ಹಾಕಿಸಿಲ್ಲ.