ಒಂದೇ ಡೆಬ್ ಸಾಕಾ, ಒಡೆಯಬೇಕಾ? ಮೂರು ಥರನೂ ಮಾಡಿ ನೋಡಿದೆ

ಡೆಬ್ ಅಂದರೆ ಡೆಬಿಯನ್ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲು ಕೊಡುವ ಪ್ಯಾಕೇಜ್ ಫೈಲು; ಅದನ್ನು ತಯಾರಿಸುವ ಮೂಲ ಫೈಲುಗಳ ಕಟ್ಟು ಸೋರ್ಸ್ ಪ್ಯಾಕೇಜ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡು ಬೇರೆ ಬೇರೆ ಸೋರ್ಸ್ ಪ್ಯಾಕೇಜ್‌ಗೆ. ಅಲ್ಲಿಗೆ ಬರುವಷ್ಟರಲ್ಲಿ ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ.

ನನ್ನದೊಂದು ನಿಘಂಟು ಸಾಫ್ಟ್‌ವೇರ್ ಇದೆ. ಪ್ರೋಗ್ರಾಂ 3 ಎಂಬಿ, ಉಚ್ಚಾರಣೆಯ ಆಡಿಯೋ 180 ಎಂಬಿ. ಡೆಬಿಯನ್‌ಗೆ ಎಲ್ಲವನ್ನೂ ಒಂದೇ ಡೆಬ್‌ನಲ್ಲಿ ತುಂಬಿ ಕೊಡುತ್ತಿದ್ದೆ. ಮಾಡೋದು ಸಲೀಸು. ಆದರೆ ಮೆನುವಿನಲ್ಲಿ ಒಂದು ಅಕ್ಷರ ತಿದ್ದಿದರೂ ಬಳಸುವವರು ಪೂರ್ತಿ 183 ಎಂಬಿ ಮತ್ತೆ ಇಳಿಸಿಕೊಳ್ಳಬೇಕು.

ಸರಿ, ಒಂದೇ ಸೋರ್ಸ್‌ನಿಂದ ಎರಡು ಡೆಬ್ ಮಾಡಿದೆ. ಆಡಿಯೋ ಪ್ಯಾಕೇಜ್‌ಗೆ ಆರ್ಕಿಟೆಕ್ಚರ್ 'ಆಲ್' ಅಂತ ಹಾಕಿದೆ, ಇಂಟೆಲ್‌ಗೂ ಆರ್ಮ್‌ಗೂ ಒಂದೇ ಪ್ರತಿ ಸಾಕಾಯಿತು. ಹೊಸ ಮಷೀನಿನಲ್ಲಿ ಹಾಕಿ ನೋಡಿದೆ, ಚೆನ್ನಾಗೇ ಓಡಿತು. ಹಳೆಯದರ ಮೇಲೆ ಅಪ್‌ಗ್ರೇಡ್ ಮಾಡಿ ನೋಡಲಿಲ್ಲ, ಅದೇ ತಪ್ಪು. ಡೆಬ್‌ಗಳನ್ನು ಇನ್‌ಸ್ಟಾಲ್ ಮಾಡುವ ಡಿಪಿಕೆಜಿ, ಹೊಸ ಆಡಿಯೋ ಪ್ಯಾಕೇಜನ್ನು ಬಿಚ್ಚಲು ಹೋದಾಗ ಹಳೇ ಪ್ಯಾಕೇಜ್ ಇನ್ನೂ ಅಲ್ಲೇ ಇತ್ತು, ಈ ಫೈಲು ಈಗಾಗಲೇ ಅದರದ್ದು, ಮುಟ್ಟಲ್ಲ ಅಂತ ನಿಂತುಬಿಟ್ಟಿತು. ಬಳಸುವವರೆಲ್ಲರ ಅಪ್‌ಗ್ರೇಡ್ ಅರ್ಧಕ್ಕೇ ನಿಂತು, ಮೂರು ದಿನ ನನಗೆ ಬೈಗುಳದ ಮೇಲ್‌ಗಳೇ. ಮದ್ದು ಎರಡೇ ಸಾಲು: ಹೊಸ ಪ್ಯಾಕೇಜ್‌ನ ವಿವರ ಬರೆಯುವ ಕಂಟ್ರೋಲ್ ಭಾಗದಲ್ಲಿ 'ಬ್ರೇಕ್ಸ್' (ಹಳೆಯದರ ಜೊತೆ ಇದು ಇರಲಾಗದು) ಮತ್ತು 'ರಿಪ್ಲೇಸಸ್' (ಹಳೆಯದರ ಫೈಲುಗಳನ್ನು ಇದು ತೆಗೆದುಕೊಳ್ಳಬಹುದು), ಎರಡಕ್ಕೂ ಹಳೇ ಪ್ಯಾಕೇಜ್‌ನ ಒಡೆಯುವ ಮುಂಚಿನ ಆವೃತ್ತಿಗಳನ್ನು ಕೊಡಬೇಕು.

ಅದನ್ನು ಸರಿಮಾಡಿ ಹೊಸ ಆವೃತ್ತಿ ಬಿಟ್ಟೆ. ಮತ್ತೆ 183 ಎಂಬಿ! ಒಂದೇ ಸೋರ್ಸ್ ಅಂದರೆ ಚೇಂಜ್‌ಲಾಗ್ (ಪ್ರತಿ ಆವೃತ್ತಿಯ ಬದಲಾವಣೆಗಳ ಪಟ್ಟಿ) ಒಂದೇ, ಹಾಗಾಗಿ ಅಲ್ಲಿಂದ ಬರುವ ಆವೃತ್ತಿ ಸಂಖ್ಯೆನೂ ಮಾಮೂಲಾಗಿ ಒಂದೇ. ಆಡಿಯೋ ಒಂದು ಬೈಟೂ ಬದಲಾಗದಿದ್ದರೂ ಪ್ಯಾಕೇಜ್ ಇಳಿಸಿಕೊಡುವ ಆಪ್ಟ್ ಪಾಲಿಗೆ ಅದು ಹೊಸದು, ಇಳಿಸುತ್ತದೆ. ಇಷ್ಟೆಲ್ಲಾ ಒದ್ದಾಡಿದ್ದು ಸುಮ್ನೆ ಅಲ್ವಾ? ಆರ್ಚ್, ಆಲ್ಪೈನ್ ಎಂಬ ಬೇರೆ ಲಿನಕ್ಸ್‌ಗಳಲ್ಲೂ ಪ್ಯಾಕೇಜ್ ತಯಾರಿಸುವ ಒಂದೇ ಸ್ಕ್ರಿಪ್ಟ್‌ನಿಂದ ಒಡೆದರೆ ಇದೇ ಕಥೆ.

ಕೊನೆಗೆ ಆಡಿಯೋಗೇ ಬೇರೆ ಸೋರ್ಸ್ ಮಾಡಿದೆ. ಪ್ರೋಗ್ರಾಂಗೆ 'ಈ ಆವೃತ್ತಿ ಅಥವಾ ಮೇಲಿನದು ಬೇಕು' ಅಂತಷ್ಟೇ ಡಿಪೆಂಡ್ಸ್ ಹಾಕಿದೆ. ಎರಡು ಚೇಂಜ್‌ಲಾಗ್ ಬರೆಯುವ ಕೆಲಸ ಜಾಸ್ತಿ ಆಯಿತು, ಹೊಸ ಆಡಿಯೋ ಬೇಕಾದಾಗ ಅದನ್ನೇ ಮೊದಲು ಏರಿಸುವುದನ್ನು ನೆನಪಿಡಬೇಕು.

ಕೈಪಿಡಿಯನ್ನು ಮಾತ್ರ ಒಡೆಯಲಿಲ್ಲ. 40 ಕೆಬಿಗೆ ಯಾಕೆ?

ನಾನು ವಾರಕ್ಕೊಮ್ಮೆ ಏನಾದರೂ ತಿದ್ದುವವನು, ಆಡಿಯೋ ಬದಲಾಗುವುದು ವರ್ಷಕ್ಕೆರಡು ಸಲ. ಸರ್ವರಿಗೆ ತಿಂಗಳ ಡೇಟಾ ಮಿತಿ ಬೇರೆ ಇದೆ. ವರ್ಷಕ್ಕೊಂದೇ ಆವೃತ್ತಿ ಬಿಡುವವರಿಗೆ ಒಂದೇ ಡೆಬ್ ಧಾರಾಳ ಸಾಕು. ಮೊನ್ನೆ ಮೆನುವಿನಲ್ಲಿ ಮತ್ತೊಂದು ಅಕ್ಷರ ತಿದ್ದಿದೆ, ಇಳಿದದ್ದು 3 ಎಂಬಿ.