ಎದೆಬಡಿತ ಎಣಿಸುವ ವಾಚು: 20 ತಿಂಗಳು ಕಟ್ಟಿಕೊಂಡು ಓಡಾಡಿದ ಮೇಲೆ

ಐದಕ್ಕೆ ಮೂರು ಸ್ಟಾರ್. ಮೊದಲ ವಾರ ಬರೆದಿದ್ದರೆ ಐದೂ ಕೊಟ್ಟುಬಿಡುತ್ತಿದ್ದೆ. ಮೂರನೇ ತಿಂಗಳಲ್ಲಿ ಕೇಳಿದ್ದರೆ, ಕಿಟಕಿಯಿಂದ ಆಚೆ ಎಸೆಯಿರಿ ಅನ್ನುತ್ತಿದ್ದೆ. ಕಂಪನಿ ಹೆಸರು ಹೇಳುವುದಿಲ್ಲ. 4,000 ರೂಪಾಯಿ ಆಸುಪಾಸಿನ ಸ್ಮಾರ್ಟ್ ವಾಚುಗಳು ಒಳಗೆ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹೆಜ್ಜೆ, ನಿದ್ದೆ, ಎದೆಬಡಿತ, ಜೊತೆಗೆ 'ಸ್ಟ್ರೆಸ್' ಅಂತ ಒಂದು ಅಂಕಿ.

ನಾನು ಇದನ್ನು ಕೊಂಡದ್ದು ಹೆಜ್ಜೆ ಎಣಿಸಲು ಅಲ್ಲ. ಹೆದರಿಕೆಗೆ.

ಊರು ಜಮಖಂಡಿ ಕಡೆ. ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು 16 ವರ್ಷ ಆಯಿತು. ಮುಂಬೈನ ಫೋರ್ಟ್‌ನಲ್ಲಿ ಒಂದು ಸಣ್ಣ ಆಫೀಸಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅವತ್ತು ತಿಂಗಳ 19ನೇ ತಾರೀಕು, ಮರುದಿನ ಜಿಎಸ್‌ಟಿ 3ಬಿ ರಿಟರ್ನ್ ತುಂಬಲು ಕೊನೆ ದಿನ. ನಮ್ಮ ಫಾಸ್ಟ್ ಲೋಕಲ್ ರೈಲು ಠಾಣೆ ಸ್ಟೇಷನ್ ದಾಟಿ ಮುಲುಂಡ್ ಹತ್ತಿರ ಸಿಗ್ನಲ್‌ಗೆ ನಿಂತಿತು. ಗರ್ದಿ ಹೇಳಬೇಕಾಗಿಲ್ಲ. ಮೇಲಿನ ಹಿಡಿಕೆ ಹಿಡಿದಿದ್ದೆ, ಬೆರಳು ಜುಮ್ ಅನ್ನತೊಡಗಿದವು. ಆಮೇಲೆ ಎದೆ ಡವಡವ. ಉಸಿರು ಸಾಲುತ್ತಿಲ್ಲ ಅಂತ ಜೋರಾಗಿ ಎಳೆದುಕೊಂಡೆ. ಎಳೆದಷ್ಟೂ ಸಾಲದು. ಇಲ್ಲೇ ಹೋದೆ ಅಂದುಕೊಂಡೆ. ಯಾರೋ ಹುಡುಗ "ಬಸಾ ಕಾಕಾ" ಅಂತ ಎದ್ದು ಸೀಟು ಕೊಟ್ಟ. (ನನಗಿನ್ನೂ 43. ಕಾಕಾ ಅಂದದ್ದು ಎರಡು ದಿನ ಬಿಟ್ಟು ನೆನಪಾಗಿ ಬೇಜಾರಾಯಿತು.) ಘಾಟ್ಕೋಪರ್‌ನಲ್ಲಿ ಇಳಿಸಿ, ನೀರು ಕುಡಿಸಿದರು. ಕಾಲು ಗಂಟೆಯಲ್ಲಿ ಎಲ್ಲ ಇಳಿದುಹೋಯಿತು.

ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು, ಥೈರಾಯ್ಡ್ ಆಯಿತು. ಎಲ್ಲ ಸರಿ. ಪ್ಯಾನಿಕ್ ಅಟ್ಯಾಕ್ ಅಂದರು ಡಾಕ್ಟರು. ಗಾಬರಿಯಲ್ಲಿ ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದಂತೆ, ಬೆರಳು ಜುಮ್ ಅನ್ನುವುದು ಅದಕ್ಕೇ. ಹಾಗಂತ ಎದೆನೋವನ್ನು ನೀವೇ 'ಇದು ಬರೀ ಟೆನ್ಷನ್' ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಮೊದಲ ಸಲ ತೋರಿಸಲೇಬೇಕು.

ವರದಿ ಚೆನ್ನಾಗಿದ್ದರೂ ಮನಸ್ಸು ಕೇಳಲಿಲ್ಲ. ಇಸಿಜಿ ತೆಗೆದಾಗ ಸರಿ ಇತ್ತು, ಈಗ? ಅದಕ್ಕೇ ವಾಚು.

ಮೊದಲ ವಾರ ಸ್ವರ್ಗ. ಗಾಬರಿ ಆದಾಗ ನೋಡುವುದು, 82 ಅಂತ ಇರುವುದು, ಸಮಾಧಾನ. ತೊಂದರೆ ಶುರುವಾದದ್ದು ರಾತ್ರಿಗಳಲ್ಲಿ. ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು. ವಾಚು ನೋಡಿದೆ, 78. ನಿನ್ನೆ ಇದೇ ಹೊತ್ತಿಗೆ 70 ಇತ್ತಲ್ಲ, ಇವತ್ತು ಯಾಕೆ 78? ಮತ್ತೆ ನೋಡಿದೆ, 84. ಎದ್ದು ಕೂತೆ, 91. ಪಟ್ಟಿ ಸಡಿಲ ಇದ್ದೀತು ಅಂತ ಒಂದು ತೂತು ಬಿಗಿ ಮಾಡಿದೆ, 97. ವಾಚಿನ ಅಡಿಯಿಂದ ಹಸಿರು ಬೆಳಕು ಕತ್ತಲಲ್ಲಿ ಮಿಣಮಿಣ ಅನ್ನುತ್ತಿತ್ತು. ಹೆಂಡತಿ ಮಗ್ಗಲು ಬದಲಿಸಿ, "ಮತ್ತ ಅದನ್ನ ನೋಡಾಕತ್ತೀರೇನ್ರೀ? ಏನ್ ದೆವ್ವ ಹೊಕ್ಕೈತಿ ಅದರಾಗ?" ಅಂದಳು.

ದೆವ್ವ ಏನೂ ಇರಲಿಲ್ಲ. ಆ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ, ಅಷ್ಟೆ. ಇಸಿಜಿಯಂತೆ ಹೃದಯದ ವಿದ್ಯುತ್ ಅಳೆಯುವುದಿಲ್ಲ. ಪಟ್ಟಿ ಸಡಿಲ ಇದ್ದರೆ, ಕೈ ಅಲ್ಲಾಡಿದರೆ ಅಂಕಿ ಎಲ್ಲೆಲ್ಲೋ ಹೋಗುತ್ತದೆ. ಹಿಡಿಕೆ ಹಿಡಿದು ನಿಂತ ನನಗೆ ಲೋಕಲ್‌ನ ಕುಲುಕಾಟಕ್ಕೇ ಇದು ಸಾವಿರಗಟ್ಟಲೆ ಹೆಜ್ಜೆ ಕೊಟ್ಟಿದೆ, ಇನ್ನೇನು ಹೇಳಲಿ. ಸುಮ್ಮನೆ ಕೂತ ದೊಡ್ಡವರಿಗೆ ಬಡಿತ 60ರಿಂದ 100ರವರೆಗೆ ಇರುವುದು ಸಾಮಾನ್ಯ. ಅಂದರೆ ಆ ರಾತ್ರಿ ನನ್ನ ಒಂದು ಅಂಕಿಯೂ ಕೆಟ್ಟದ್ದಲ್ಲ! ಅಂಕಿ ಏರಿಸಿದ್ದು ಅಂಕಿಯ ಹೆದರಿಕೆ.

ಇದನ್ನು ಬಿಡಿಸಿ ಹೇಳಿದವರು ಠಾಣೆ ಊರಿನ ಒಬ್ಬ ಕೌನ್ಸೆಲರ್, ಮರಾಠಿ ಹೆಂಗಸು. ಮೊದಲ ದಿನ ಆತಂಕ ಎಷ್ಟಿದೆ ಅಂತ ಅಳೆಯುವ ಜಿಎಡಿ-7 ಅಂತ ಒಂದು ಫಾರ್ಮ್ ಕೊಟ್ಟರು. ಹಿಂದಿನ ಎರಡು ವಾರದ ಬಗ್ಗೆ 7 ಪ್ರಶ್ನೆ, ಒಟ್ಟು 21 ಅಂಕ. ನನಗೆ 16 ಬಂತು. ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂದು ಬೇಜಾರಾದದ್ದು ಅದೇ ಮೊದಲು. ಆಮೇಲೆ ಕೇಳಿದರು: "ದಿನಕ್ಕೆ ಎಷ್ಟು ಸಲ ವಾಚು ನೋಡ್ತೀರಿ?" ಹತ್ತು ಹದಿನೈದು ಇರಬಹುದು ಅಂದೆ. ಎಣಿಸಿ ತನ್ನಿ ಅಂದರು.

ಜೇಬಿನಲ್ಲಿದ್ದ ಹಳೇ ಬಿಲ್ಲಿನ ಹಿಂದೆ ನಾಲ್ಕು ಗೆರೆ, ಐದನೆಯದಕ್ಕೆ ಅಡ್ಡಗೆರೆ ಹಾಕುತ್ತ ಹೋದೆ. ಮೊದಲ ದಿನ 61. ಊಟದ ಹೊತ್ತಿನ ಲೆಕ್ಕ ಬರೆಯಲು ಮರೆತಿದ್ದೆ, ಅದನ್ನು ಬಿಟ್ಟು. ಅವರು ಬಿಲ್ಲು ತಿರುಗಿಸಿ ನೋಡಿ, "61 ಸಲದಲ್ಲಿ ಎಷ್ಟು ಸಲ ಕೆಟ್ಟ ಸುದ್ದಿ ಬಂತು?" ಅಂದರು. ಒಂದೂ ಇಲ್ಲ. "ಸಮಾಧಾನ ಎಷ್ಟು ಹೊತ್ತು ಉಳಿಯಿತು?" ಐದು ನಿಮಿಷ. ನಮ್ಮ ಧಂದೆಯವರಿಗೆ ಈ ಚಟ ಗೊತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮೇಲೂ ಇನ್ನೊಮ್ಮೆ ಕೂಡಿಸಿ ನೋಡುತ್ತೇವೆ. ನೋಡಿದಷ್ಟೂ ಮೆದುಳಿಗೆ 'ಇಲ್ಲಿ ಏನೋ ಅಪಾಯ ಇರಲೇಬೇಕು' ಅನ್ನುವುದು ಗಟ್ಟಿಯಾಗುತ್ತದೆ ಅಂದರು ಅವರು.

ಹಾಗಾಗಿ ಎರಡು ಸೆಟ್ಟಿಂಗ್ ಬದಲಾದವು. ಮುಖಪುಟದಿಂದ ಎದೆಬಡಿತದ ಅಂಕಿ ತೆಗೆದೆ. 'ಬಡಿತ ಹೆಚ್ಚಾಗಿದೆ' ಅನ್ನುವ ಅಲರ್ಟ್ ಬಂದ್ ಮಾಡಿದೆ, ಇದಕ್ಕೆ ಮೊದಲು ಡಾಕ್ಟರನ್ನು ಕೇಳಿಕೊಂಡೆ. ವಾಚು ತೆಗೆದಿಡಿ ಅಂತ ಕೌನ್ಸೆಲರ್ ಹೇಳಲಿಲ್ಲ. ಕಟ್ಟಿಕೊಂಡೂ ನೋಡದೆ ಇರಿ ಅಂದರು, ಅದು ಇನ್ನೂ ಕಷ್ಟ. ಜೊತೆಗೆ ಒಂದು ವಿಚಿತ್ರ ಮನೆಗೆಲಸ: ಬಿಲ್ಡಿಂಗಿನ ಮೂರು ಮಹಡಿ ಜೋರಾಗಿ ಹತ್ತಿ, ಎದೆ ಹೊಡೆದುಕೊಳ್ಳುವಾಗ ವಾಚು ನೋಡದೆ ನಿಲ್ಲಬೇಕು. ಅದೇ ಡವಡವ, ಆದರೆ ಏನೂ ಆಗುವುದಿಲ್ಲ ಅಂತ ಮೈಗೆ ಗೊತ್ತಾಗಲಿ ಅಂತ. ಮೊದಲ ಹತ್ತು ದಿನ ಬೀಡಿ ಬಿಟ್ಟವನ ಹಾಗೆ ಆಗಿತ್ತು ನನ್ನ ಸ್ಥಿತಿ. ಎರಡನೇ ಮಹಡಿಯ ಅಜ್ಜಿ, "ಕೋಣಾಲಾ ಕಾಯ್ ಝಾಲಂ?" (ಯಾರಿಗೆ ಏನಾಯಿತು?) ಅಂತ ಬಾಗಿಲು ತೆಗೆದು ಕೇಳಿದ್ದೂ ಉಂಟು. ಆರು ತಿಂಗಳ ಮೇಲೆ ಅದೇ ಫಾರ್ಮ್‌ನಲ್ಲಿ 7 ಬಂತು. ಇದರ ಶ್ರೇಯ ವಾಚಿಗೆ ಕೊಡಬೇಡಿ.

ಸ್ಟ್ರೆಸ್ ಅಂಕಿಯ ಕತೆ ಕೇಳಿ. ಬಡಿತ ಬಡಿತಗಳ ನಡುವಿನ ಅಂತರ ಎಷ್ಟು ಏರುಪೇರಾಗುತ್ತದೆ ಅನ್ನುವುದರಿಂದ ಅದನ್ನು ಲೆಕ್ಕ ಹಾಕುತ್ತಾರೆ. ಗಣಪತಿ ವಿಸರ್ಜನೆಯ ದಿನ ಢೋಲ್ ತಾಶಾ ಮುಂದೆ ಒಂದು ತಾಸು ಕುಣಿದೆ. ವರ್ಷದಲ್ಲೇ ಅಷ್ಟು ಖುಷಿಯಾಗಿದ್ದ ದಿನ ಇಲ್ಲ. ವಾಚು ಕೆಂಪು ತೋರಿಸಿ, 'ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ' ಅಂತು. ಖುಷಿಯೋ ಭಯವೋ ಅದಕ್ಕೆ ತಿಳಿಯದು.

ಹಾಗಾದರೆ ಮೂರು ಸ್ಟಾರ್ ಯಾಕೆ? ಉಸಿರಾಟದ ಆಟಕ್ಕೆ. ಗುಂಡಿ ಒತ್ತಿದರೆ ಮಣಿಕಟ್ಟಿನ ಮೇಲೆ ಸಣ್ಣಗೆ ಕಂಪಿಸುತ್ತದೆ: ಎಳೆದುಕೊ, ಬಿಡು. ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ ಅಂತ ಇಟ್ಟುಕೊಂಡಿದ್ದೇನೆ. ಉಸಿರು ಹೊರಗೆ ಬಿಡುವಾಗ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಹೊರಗಿನದು ಉದ್ದ. ಫೋನ್ ತೆಗೆಯಬೇಕಾಗಿಲ್ಲ, ಕಣ್ಣು ಮುಚ್ಚಬೇಕಾಗಿಲ್ಲ. ಕೈ ಹಿಡಿಕೆಯಲ್ಲೇ ಇರುತ್ತದೆ, ಮೂತಿ ಪಕ್ಕದವನ ಬ್ಯಾಗಿಗೆ ಒತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ತಿಂಗಳ 19, 20ಕ್ಕೆ ಇದು ನನ್ನ ಕೆಲಸಕ್ಕೆ ಬಂದಿದೆ.

ಇನ್ನು ವಸ್ತುವಿನ ವಿಷಯ. ಬ್ಯಾಟರಿ ಮೊದಲು 7 ದಿನ ಬರುತ್ತಿತ್ತು, ಈಗ 4. ಮಳೆಗಾಲದಲ್ಲಿ ಪಟ್ಟಿಯ ಅಡಿ ಬೆವರು, ನೀರು ಸೇರಿ ತುರಿಕೆಯಾಯಿತು. ರಾತ್ರಿ ತೆಗೆದಿಟ್ಟೆ, ಹೋಯಿತು, ನಿದ್ದೆಯೂ ಸುಧಾರಿಸಿತು. 14ನೇ ತಿಂಗಳಲ್ಲಿ ಪಟ್ಟಿ ಕಿತ್ತುಬಂತು. ಸರ್ವಿಸ್ ಸೆಂಟರಿನವರು ವಾರಂಟಿ ಮುಗಿದಿದೆ ಅಂದರು. ಸ್ಟೇಷನ್ ಹೊರಗೆ 150 ರೂಪಾಯಿಗೆ ಹಾಕಿಸಿದೆ, ಅದು ಇನ್ನೂ ಗಟ್ಟಿ ಇದೆ. ಆಪ್ ಮಾತ್ರ ಕಿರಿಕಿರಿ. ಹೊಸ ಅಪ್‌ಡೇಟ್ ಆದಮೇಲೆ 'ನಿಮ್ಮ ಒತ್ತಡದ ವಿವರ' ನೋಡಲು ದುಡ್ಡು ಕೇಳುತ್ತದೆ. ಹೆದರುವವರ ಹತ್ತಿರ ಹೆದರಿಕೆಯ ಗ್ರಾಫ್ ಮಾರುವುದು ನನಗೆ ಸರಿ ಕಾಣಲಿಲ್ಲ.

ಕೊಳ್ಳಬೇಕಾ? ನಡೆಯಲು, ಓಡಲು ಬೇಕಿದ್ದರೆ ಕೊಳ್ಳಿ. ನನ್ನ ಹಾಗೆ ನಾಡಿ ಹಿಡಿದು ನೋಡುವ ಅಭ್ಯಾಸ ಆಗಲೇ ಇದ್ದರೆ, ಆ ದುಡ್ಡನ್ನು ಮೊದಲು ಕೌನ್ಸೆಲರ್ ಫೀಸಿಗೆ ಇಡಿ. ಅದೂ ಕಷ್ಟ ಅಂದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಪುಕ್ಕಟೆ, ರಾತ್ರಿಯೂ ಫೋನ್ ಮಾಡಬಹುದು, ಭಾಷೆಗಳಲ್ಲಿ ಕನ್ನಡವೂ ಇದೆ.

ಹೋದ ವಾರ ವಾಚನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಮರೆತೆ. ಗೊತ್ತಾದದ್ದು ಕುರ್ಲಾ ದಾಟಿದ ಮೇಲೆ, ಯಾರೋ ಟೈಮ್ ಕೇಳಿದಾಗ. ಮಣಿಕಟ್ಟಿನಲ್ಲಿ ಬಿಳೀ ಪಟ್ಟೆ ಮಾತ್ರ ಇತ್ತು. ಫೋನ್ ನೋಡಿ ಟೈಮ್ ಹೇಳಿದೆ.