ಮನೆಯ ಎಸ್ಪ್ರೆಸೊ ಮೆಷೀನಿಗೆ ಪಕ್ ಸ್ಕ್ರೀನ್ ಬೇಕೇ? ಬಳಸಿ ನೋಡಿದ ಮೇಲೆ

ಮನೆಯಲ್ಲಿ ಎಸ್ಪ್ರೆಸೊ ಮಾಡುವವರಿಗೆಂದು ಮಾರುವ ಸಣ್ಣಪುಟ್ಟ ಸಾಮಾನುಗಳಲ್ಲಿ ಪಕ್ ಸ್ಕ್ರೀನಿನಷ್ಟು ಹೊಗಳಿಕೆ ಬೇರೆ ಯಾವುದಕ್ಕೂ ಸಿಕ್ಕಿದ್ದು ನಾನು ಕಾಣೆ. ರುಚಿ ಏರುತ್ತದೆ, ಕ್ರೀಮಾ (ಕಾಫಿಯ ಮೇಲಿನ ಕಂದು ನೊರೆ) ದಪ್ಪ ಬರುತ್ತದೆ, ಶಾಟ್ (ಒಂದು ಸಲ ಇಳಿಸಿದ ಎಸ್ಪ್ರೆಸೊ) ಕೆಡುವುದೇ ಇಲ್ಲ ಅಂತೆಲ್ಲ ಮಾರುವವರು ಬರೆದಿರುತ್ತಾರೆ. ಮೈಸೂರಿನ ನಮ್ಮ ಮನೆಯಲ್ಲಿ ಗಾಜಿಯಾ ಕ್ಲಾಸಿಕ್ ಅನ್ನುವ ಎಸ್ಪ್ರೆಸೊ ಮೆಷೀನ್ ಇದೆ. ಅದರಲ್ಲಿ ಒಂದು ದಪ್ಪನೆಯದು, ಒಂದು ತೆಳ್ಳನೆಯದು, ಎರಡೂ ಬಗೆಯ ಸ್ಕ್ರೀನುಗಳನ್ನು ವರ್ಷಕ್ಕೂ ಮೇಲ್ಪಟ್ಟು ಬಳಸಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇದು ಮೆಷೀನನ್ನು ಚೊಕ್ಕಟವಾಗಿ ಇಡುವ ಸಾಮಾನು. ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ, ಅಷ್ಟಕ್ಕೇ ಕೊಂಡರೂ ದುಡ್ಡು ದಂಡವಲ್ಲ. ಕಾಫಿಯ ರುಚಿ ಸುಧಾರಿಸಲಿ ಅಂತ ಕೊಳ್ಳುವುದಾದರೆ ಆ ದುಡ್ಡನ್ನು ಒಳ್ಳೆಯ ಬೀಜಕ್ಕೆ ಹಾಕಿ.

ನೋಡಿಲ್ಲದವರಿಗೆ ಹೇಳುವುದಾದರೆ, ಪಕ್ ಸ್ಕ್ರೀನ್ ಅಂದರೆ ಸ್ಟೀಲ್ ಜಾಲರಿಯ ಒಂದು ದುಂಡು ಬಿಲ್ಲೆ. ಬಾಸ್ಕೆಟ್ಟಿಗೆ, ಅಂದರೆ ತೂತುತಳದ ಬಟ್ಟಲಿಗೆ, ಪುಡಿ ಹಾಕಿ, ಟ್ಯಾಂಪ್ ಮಾಡಿ (ಒತ್ತಿ), ಅದರ ಮೇಲೆ ಇದನ್ನು ಕೂರಿಸಿ, ಆ ಬಟ್ಟಲನ್ನು ಹಿಡಿದಿರುವ ಹಿಡಿಕೆ, ಅಂದರೆ ಪೋರ್ಟಾಫಿಲ್ಟರನ್ನು ಮೆಷೀನಿಗೆ ಸಿಕ್ಕಿಸುವುದು. ನನ್ನ ದಪ್ಪನೆಯ ಸ್ಕ್ರೀನ್ ನಾರ್ಮ್‌ಕೋರ್ ಕಂಪನಿಯದು: 58.5 ಮಿಲಿಮೀಟರ್ ಅಗಲ, 1.7 ಮಿಲಿಮೀಟರ್ ದಪ್ಪ, 316 ದರ್ಜೆಯ ಸ್ಟೀಲ್. ಕಾಯಿಸಿ ಒತ್ತಿ ಒಂದಾಗಿಸಿದ ಹಲವು ಪದರಗಳ ಜಾಲರಿ ಅದು. ಮೇಲೆ ಬಿದ್ದ ನೀರು ನೇರ ಕೆಳಗಿಳಿಯದೆ ಪದರಗಳ ಒಳಗೇ ಪಕ್ಕಕ್ಕೂ ಹರಡಿಕೊಂಡು ಆಮೇಲೆ ಪುಡಿಗೆ ಇಳಿಯುತ್ತದೆ. ತೆಳ್ಳನೆಯದು ಬರೀ 0.8 ಮಿಲಿಮೀಟರ್.

ನಮ್ಮತ್ತೆ ಇದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, “ಇದು ನಮ್ಮ ಫಿಲ್ಟರಿನೊಳಗಿನ ಬಿಲ್ಲೆ ಅಲ್ವೇನಮ್ಮಾ? ಕಡ್ಡಿ ಒಂದಿಲ್ಲ ಅಷ್ಟೇ” ಅಂದರು. ಅವರು ಹೇಳಿದ್ದು ಪೂರ್ತಿ ಸರಿ. ಕಾಫಿ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ನಡುವೆ ಕಡ್ಡಿಯಿರುವ ತೂತಿನ ಬಿಲ್ಲೆಯನ್ನು ಅದರ ಮೇಲೆ ಮೆತ್ತಗೆ ಒತ್ತಿ, ಆಮೇಲೇ ಬಿಸಿನೀರು ಹೊಯ್ಯುತ್ತೇವೆ. ನೀರು ಒಂದೇ ಕಡೆ ಗುಂಡಿ ತೋಡಬಾರದು, ಪುಡಿ ಮೇಲೆ ತೇಲಬಾರದು ಅಂತಲೇ ಆ ಬಿಲ್ಲೆ ಇರುವುದು. ಎಸ್ಪ್ರೆಸೊದಲ್ಲಿ ನೀರು ಸುಮಾರು 9 ಬಾರ್ ಒತ್ತಡದಲ್ಲಿ ಬರುತ್ತದೆ. ಅಲ್ಲಿ ಬಿಲ್ಲೆಗೆ ಇನ್ನೊಂದು ಕೆಲಸವೂ ಸೇರಿಕೊಳ್ಳುತ್ತದೆ, ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ.

ಗಾಜಿಯಾ ಕ್ಲಾಸಿಕ್‌ನಂಥ ಮೆಷೀನುಗಳಲ್ಲಿ ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಶಾಟ್ ನಿಲ್ಲಿಸಿದ ಕೂಡಲೆ ವಿದ್ಯುತ್ತಿನಿಂದ ನಡೆಯುವ ಈ ವಾಲ್ವ್ ಬಾಯಿ ತೆರೆದು ಉಳಿದ ಒತ್ತಡವನ್ನು ಕೆಳಗಿನ ಡ್ರಿಪ್ ಟ್ರೇಗೆ ಬಿಡುತ್ತದೆ. ಪೋರ್ಟಾಫಿಲ್ಟರ್ ಕಳಚುವಾಗ ಪುಡಿ ಸಿಡಿಯದಿರುವುದು ಈ ವಾಲ್ವಿನ ಪುಣ್ಯ. ಆದರೆ ಒತ್ತಡ ಹೊರಹೋಗುವಾಗ ಬಾಸ್ಕೆಟ್ಟಿನ ಮೇಲಿದ್ದ ನೀರು ಶವರ್ ಸ್ಕ್ರೀನಿನ (ಪುಡಿಯ ಮೇಲೆ ನೀರು ಸುರಿಸುವ, ಮೆಷೀನಿನದೇ ತೂತಿನ ತಟ್ಟೆ) ಮೂಲಕ ಹಿಂದಕ್ಕೆ, ಮೇಲಕ್ಕೆ ಹೋಗುತ್ತದೆ. ಅದರ ಜೊತೆಗೆ ನುಣ್ಣನೆಯ ಪುಡಿಯೂ ಎಣ್ಣೆಯೂ ಹೋಗುತ್ತವೆ. ಶವರ್ ಸ್ಕ್ರೀನಿನ ಬೆನ್ನಿಗೆ, ಅದರ ಹಿಂದಿನ ಪ್ಲೇಟಿಗೆ, ವಾಲ್ವಿನ ಸಣ್ಣ ದಾರಿಗೆ ಅವು ಮೆತ್ತಿಕೊಳ್ಳುತ್ತವೆ. ಮರುದಿನದ ಕಾಫಿಯ ನೀರು ಆ ಹಳೆಯ ಎಣ್ಣೆಯನ್ನು ಸವರಿಕೊಂಡೇ ಬರಬೇಕು. ಪಕ್ ಸ್ಕ್ರೀನ್ ಇದ್ದರೆ ಅದರಲ್ಲಿ ಬಹುಪಾಲು ಕೆಳಗೇ ಉಳಿಯುತ್ತದೆ.

ಸ್ಕ್ರೀನ್ ಇಲ್ಲದ ಕಾಲದಲ್ಲಿ ನಡುವಿನ ಸ್ಕ್ರೂ ಬಿಚ್ಚಿ ಶವರ್ ಸ್ಕ್ರೀನ್ ಇಳಿಸಿದರೆ ಬೆನ್ನಿನ ಮೇಲೆ ಕಪ್ಪು ಜಿಡ್ಡು ಕಾಣುತ್ತಿತ್ತು. ಉಗುರಿನಿಂದ ಕೆರೆದರೆ ಗೆರೆ ಮೂಡುವಷ್ಟು ದಪ್ಪ. ಮೂಗಿನ ಹತ್ತಿರ ತಂದರೆ ಕಾಫಿಯ ಘಮ ಅಲ್ಲ, ಕಮಟು ವಾಸನೆ. ನಾವು ತರಿಸುವುದು ಸಕಲೇಶಪುರದ ಕಡೆಯ ಒಂದು ತೋಟದ ಬೀಜ, ಅರೇಬಿಕಾ ಜೊತೆ ಸ್ವಲ್ಪ ರೋಬಸ್ಟಾ ಸೇರಿಸಿ ಗಾಢವಾಗಿ ಹುರಿದದ್ದು. ಗಾಢವಾಗಿ ಹುರಿದಷ್ಟೂ ಬೀಜದ ಮೈಮೇಲೆ ಎಣ್ಣೆ ಹೆಚ್ಚು, ಜಿಡ್ಡೂ ಹೆಚ್ಚು. ಈಗ ತಿಂಗಳ ಕೊನೆಗೆ ಬಿಚ್ಚಿದರೂ ಬೆರಳಿಗೆ ಅಂಟದ ತೆಳು ಕಂದು ಬಣ್ಣವಷ್ಟೇ ಇರುತ್ತದೆ. ಡ್ರಿಪ್ ಟ್ರೇಯ ನೀರು ಕೂಡ ಮೊದಲು ಕೆಸರಿನ ಹಾಗಿತ್ತು, ಈಗ ತಳ ಕಾಣುತ್ತದೆ. ಹಾಗಂತ ಡಿಟರ್ಜೆಂಟ್ ಹಾಕಿ ಬ್ಯಾಕ್‌ಫ್ಲಶ್ ಮಾಡುವುದನ್ನು, ಅಂದರೆ ತೂತಿಲ್ಲದ ಬಾಸ್ಕೆಟ್ ಹಾಕಿ ನೀರನ್ನು ಹಿಂದಕ್ಕೆ ಹರಿಸಿ ಒಳಗೆ ತೊಳೆಯುವುದನ್ನು, ಬಿಡಬೇಡಿ. ವಾರಕ್ಕೊಮ್ಮೆ ಮಾಡುತ್ತಿದ್ದವರು ಸ್ವಲ್ಪ ಅಂತರ ಕೊಡಬಹುದು, ಅಷ್ಟೇ.

ಇನ್ನು ಆಯ್ಕೆಯ ವಿಷಯ. ಎಲ್ಲರೂ ಮೊದಲು ಅಗಲ ನೋಡುತ್ತಾರೆ. ನಾನು ಹೇಳುವುದು, ಮೊದಲು ದಪ್ಪ ನೋಡಿ. ಪುಡಿ ಒತ್ತಿದ ಮೇಲೆ ಅದಕ್ಕೂ ಶವರ್ ಸ್ಕ್ರೀನಿಗೂ ನಡುವೆ ಎಷ್ಟು ಖಾಲಿ ಜಾಗ ಉಳಿಯುತ್ತದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಗಾಜಿಯಾದಲ್ಲಂತೂ ಶವರ್ ಸ್ಕ್ರೀನನ್ನು ಹಿಡಿದಿರುವ ಸ್ಕ್ರೂನ ತಲೆ ನಡುಮಧ್ಯದಲ್ಲಿ ಕೆಳಗೆ ಇಣುಕುತ್ತದೆ. ಪಕ್ ಸ್ಕ್ರೀನ್ ಮೊದಲು ಬಡಿಯುವುದು ಅದಕ್ಕೇ. ಜಾಗ ಸಾಲದಿದ್ದರೆ ಹ್ಯಾಂಡಲ್ ಬಿಗಿಯಾಗುತ್ತದೆ, ತಿರುಗಿಸುವಾಗ ಸ್ಕ್ರೀನ್ ಜೊತೆಗೇ ತಿರುಗಿ ಪುಡಿಯ ಹಾಸನ್ನು ಸೀಳುತ್ತದೆ, ಮೇಲಿನ ರಬ್ಬರ್ ಗ್ಯಾಸ್ಕೆಟ್ಟಿಗೂ ಪೆಟ್ಟು.

ಅಳೆಯುವುದು ಸುಲಭ. ಎಂದಿನಂತೆ ಪುಡಿ ಹಾಕಿ ಟ್ಯಾಂಪ್ ಮಾಡಿ, ಮಧ್ಯದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು, ಪೋರ್ಟಾಫಿಲ್ಟರನ್ನು ಸಿಕ್ಕಿಸಿ, ನೀರು ಬಿಡದೆ ಹಾಗೇ ತೆಗೆಯಿರಿ. ನಾಣ್ಯ ಪುಡಿಯೊಳಗೆ ಹೂತಿದ್ದರೆ ಅಷ್ಟು ಜಾಗ ಇಲ್ಲ ಅಂತ ಅರ್ಥ. ನಾಣ್ಯದ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್, ದಪ್ಪನೆಯ ಸ್ಕ್ರೀನಿನ ಹತ್ತಿರಹತ್ತಿರ. ನಮ್ಮ ಬಾಸ್ಕೆಟ್ಟಿಗೆ 18 ಗ್ರಾಂ ಹಾಕಿದಾಗ ನಾಣ್ಯ ಹೂತುಹೋಯಿತು. 58 ಮಿಲಿಮೀಟರ್ ಬಾಸ್ಕೆಟ್ಟಿನಲ್ಲಿ ಒತ್ತಿದ ಪುಡಿ ಗ್ರಾಮಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಎತ್ತರ ನಿಲ್ಲುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಬಹುದು. ಹಾಗಾಗಿ 1.7ರ ಸ್ಕ್ರೀನ್ ಇಡುವಾಗ 16.5 ಗ್ರಾಂ, 0.8ರದ್ದು ಇಡುವಾಗ 17.5 ಗ್ರಾಂ ಹಾಕುತ್ತೇನೆ. ಪುಡಿ ಕಡಿಮೆಯಾದರೆ ಹಾಸು ತೆಳುವಾಗಿ ನೀರು ಬೇಗ ಇಳಿಯುತ್ತದೆ, ಗ್ರೈಂಡರನ್ನು ಸ್ವಲ್ಪ ನುಣ್ಣಗೆ ಮಾಡಿಕೊಳ್ಳಬೇಕು. ಕಪ್ಪಿಗೆ ಬೀಳುವುದನ್ನೂ 36 ಗ್ರಾಮಿನಿಂದ 33ಕ್ಕೆ ಇಳಿಸಿಕೊಂಡರೆ ಅದೇ ಅನುಪಾತ. ಇದನ್ನು ನಾನು ನೋಡಿದ ಯಾವ ಡಬ್ಬಿಯ ಮೇಲೂ ಬರೆದಿರಲಿಲ್ಲ. ಹೊಸಬರು ಸ್ಕ್ರೀನ್ ತಂದು, ಪುಡಿ ಅಷ್ಟೇ ಹಾಕಿ, ಕಾಫಿ ಕೆಟ್ಟಿತು ಅಂತ ಬೇಸರ ಮಾಡಿಕೊಳ್ಳುವುದು ಇದರಿಂದಲೇ.

ಅಗಲದಲ್ಲಿ ಬಾಸ್ಕೆಟ್ಟಿನ ಹೆಸರಿನ ಅಳತೆಗಿಂತ ಅದರ ಒಳಗೋಡೆಯ ಆಕಾರ ಮುಖ್ಯ. ನೇರ ಗೋಡೆಯ ಬಾಸ್ಕೆಟ್ ಆದರೆ 58.5ರ ಬಿಲ್ಲೆ ಸಲೀಸಾಗಿ ಇಳಿದು ಪುಡಿಯ ಮೇಲೆ ಕೂರುತ್ತದೆ. ಕೆಳಗೆ ಕಿರಿದಾಗುವ ಬಾಸ್ಕೆಟ್ ಆದರೆ, ಇಲ್ಲವೇ ಒಳಗೆ ಸುತ್ತಲೂ ಉಬ್ಬುಗೆರೆ ಇದ್ದರೆ, ಅದು ಪುಡಿ ಮುಟ್ಟುವ ಮೊದಲೇ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ನಾನು ಮೊದಲು ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದ ಬಿಲ್ಲೆಯ ಅಂಚು ನಯವಾಗಿರಲಿಲ್ಲ, ಅಳತೆಯೂ ಬರೆದಿದ್ದಕ್ಕಿಂತ ಹೆಚ್ಚಿತ್ತು. ವರ್ನಿಯರ್ ಇಟ್ಟು ಅಳೆದು ಫೋಟೋ ಕಳಿಸಿದರೂ “ಎಲ್ಲ ಮೆಷೀನಿಗೂ ಸರಿಹೋಗುತ್ತೆ ಮೇಡಂ” ಅನ್ನುವ ಒಂದೇ ಉತ್ತರ ಬರುತ್ತಿತ್ತು. ಎಲ್ಲ ಮೆಷೀನಿಗೂ ಸರಿಹೋಗುವ ಪಕ್ ಸ್ಕ್ರೀನ್ ಅನ್ನುವುದು ಇಲ್ಲ. ಡೆಲಾಂಗಿ ಡೆಡಿಕಾದ್ದು 51, ಬ್ರೆವಿಲ್ ಬ್ಯಾಂಬಿನೋದ್ದು 54, ಗಾಜಿಯಾದ್ದು 58 ಮಿಲಿಮೀಟರ್ ಬಾಸ್ಕೆಟ್. ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಜಾಲರಿಯ ತಂತಿ ಚುಚ್ಚಿದರೆ ವಾಪಸ್ ಕಳಿಸಿ.

ಬಿಸಿಯ ವಿಷಯಕ್ಕೆ ಬರುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು, ಲೆಕ್ಕ ಹಾಕದೆ ಇರಲಾರೆ. ದಪ್ಪನೆಯ ಸ್ಕ್ರೀನ್ ನನ್ನ ತಕ್ಕಡಿಯಲ್ಲಿ 24 ಗ್ರಾಂ ತೂಗುತ್ತದೆ. ಒಂದು ಗ್ರಾಂ ಸ್ಟೀಲ್ ಒಂದು ಡಿಗ್ರಿ ಕಾಯಲು ಸುಮಾರು ಅರ್ಧ ಜೂಲ್ ಶಾಖ ಬೇಕು, ನೀರಿಗಾದರೆ 4.2 ಜೂಲ್. ಇಪ್ಪತ್ತೈದು ಡಿಗ್ರಿಯಲ್ಲಿ ತಣ್ಣಗಿರುವ ಬಿಲ್ಲೆ 90 ಡಿಗ್ರಿಗೆ ಏರಬೇಕಾದರೆ 780 ಜೂಲ್ ನುಂಗುತ್ತದೆ. ಅಷ್ಟನ್ನೂ 40 ಗ್ರಾಂ ನೀರಿನಿಂದ ಕಿತ್ತುಕೊಂಡರೆ ಆ ನೀರು ಸರಾಸರಿ ನಾಲ್ಕೂವರೆ ಡಿಗ್ರಿಯಷ್ಟು ತಣ್ಣಗಾದ ಹಾಗೆ. ಮೊದಲು ಇಳಿಯುವ ನೀರಿಗೆ ಹೊಡೆತ ಇನ್ನೂ ಜಾಸ್ತಿ. ಎಸ್ಪ್ರೆಸೊದಲ್ಲಿ ಇದು ಸಣ್ಣ ಇಳಿತವಲ್ಲ, ನಾಲಿಗೆಗೆ ಹುಳಿಯಾಗಿ ಗೊತ್ತಾಗುತ್ತದೆ. ಪರಿಹಾರ ಕಷ್ಟವೇನಿಲ್ಲ. ಮೆಷೀನಿನ ತಲೆಯ ಮೇಲೆ ಕಪ್ಪು ಬೆಚ್ಚಗಿಡುವ ಜಾಗ ಇದೆಯಲ್ಲ, ಸ್ಕ್ರೀನನ್ನು ಒರೆಸಿ ಅಲ್ಲೇ ಇಡಿ. ಮೆಷೀನ್ ಕಾಯುವಷ್ಟರಲ್ಲಿ ಅದೂ ಬೆಚ್ಚಗಾಗಿರುತ್ತದೆ, ಒಣಗಿಯೂ ಇರುತ್ತದೆ. ಬಿಸಿನೀರಲ್ಲಿ ಮುಳುಗಿಸಿ ಕಾಯಿಸುವವರು ಚೆನ್ನಾಗಿ ಒರೆಸಿ ಇಡಬೇಕು, ಹನಿ ಇಳಿದ ಕಡೆ ಪುಡಿ ಮೊದಲೇ ನೆನೆದು ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಡಿಸೆಂಬರ್ ಚಳಿಯಲ್ಲಿ 0.8ರ ತೆಳು ಸ್ಕ್ರೀನನ್ನೇ ನಾನು ಹೆಚ್ಚು ಬಳಸುವುದು, ಅದು ನುಂಗುವ ಶಾಖ ಬಹಳ ಕಡಿಮೆ.

ರುಚಿ ಬದಲಾಗುತ್ತದೆಯೇ? ಬಿಲ್ಲೆ ಬೆಚ್ಚಗಿದ್ದು, ಪುಡಿ, ತೂಕ, ಸಮಯ ಎಲ್ಲ ಹೊಂದಿಸಿಕೊಂಡು, ಸ್ಕ್ರೀನ್ ಇಟ್ಟದ್ದು ಇಡದ್ದು ಎರಡನ್ನೂ ಒಂದೇ ಥರದ ಕಪ್ಪಿನಲ್ಲಿ ನಮ್ಮ ಯಜಮಾನರಿಗೆ ಕೊಟ್ಟಿದ್ದೇನೆ. ಅವರಿಗೆ ಗೊತ್ತಾಗಲಿಲ್ಲ. ಅವರು ಕೊಟ್ಟಾಗ ನನಗೂ ಗೊತ್ತಾಗಲಿಲ್ಲ. ಒಂದು ಲಾಭ ಮಾತ್ರ ಕಣ್ಣಿಗೆ ಕಾಣುತ್ತದೆ. ತಳವಿಲ್ಲದ ಪೋರ್ಟಾಫಿಲ್ಟರಿನ ಕೆಳಗೆ ಬಗ್ಗಿ ನೋಡಿದರೆ ಅಲ್ಲೊಂದು ಇಲ್ಲೊಂದು ಸೂಜಿಯಂತೆ ಚಿಮ್ಮುವ ಎಳೆಗಳು ಸ್ಕ್ರೀನ್ ಇಟ್ಟಾಗ ಕಡಿಮೆ. ಆದರೆ ಪುಡಿಯಲ್ಲಿ ಗಂಟುಗಳಿದ್ದರೆ, ಒಂದು ಪಕ್ಕ ಹೆಚ್ಚು ಒಂದು ಪಕ್ಕ ಕಡಿಮೆ ತುಂಬಿದ್ದರೆ, ಮೇಲೆ ಏನು ಇಟ್ಟರೂ ಚಾನೆಲಿಂಗ್, ಅಂದರೆ ನೀರು ಒಂದೇ ಕಡೆ ದಾರಿ ಮಾಡಿಕೊಂಡು ನುಗ್ಗುವುದು, ನಿಲ್ಲುವುದಿಲ್ಲ. ಅದಕ್ಕೆ ತೆಳ್ಳನೆಯ ಸೂಜಿಗಳಿಂದ ಪುಡಿಯನ್ನು ತಳದವರೆಗೂ ಕೆದಕಿ ಬಿಡಿಸುವುದೇ ಮದ್ದು. 2005ರಲ್ಲಿ ಜಾನ್ ವೈಸ್ ಅನ್ನುವವರು ತೋರಿಸಿಕೊಟ್ಟ ಈ ವಿಧಾನವನ್ನೇ ಈಗ ಡಬ್ಲ್ಯೂಡಿಟಿ (ವೈಸ್ ಡಿಸ್ಟ್ರಿಬ್ಯೂಶನ್ ಟೆಕ್ನಿಕ್) ಅನ್ನುತ್ತಾರೆ. ಬಿರಡೆಗೆ ನಾಲ್ಕು ಅಕ್ಯುಪಂಕ್ಚರ್ ಸೂಜಿ ಚುಚ್ಚಿಕೊಂಡರೂ ನಡೆಯುತ್ತದೆ. ಎರಡರಲ್ಲಿ ಒಂದೇ ಕೊಳ್ಳುವ ಹಾಗಿದ್ದರೆ ಈ ಸೂಜಿಯನ್ನೇ ಕೊಳ್ಳಿ.

ದಿನನಿತ್ಯದ ಬಳಕೆಯಲ್ಲಿ ಒಂದು ರಗಳೆ ಇದೆ, ಮುಚ್ಚಿಡುವುದಿಲ್ಲ. ಶಾಟ್ ಆದ ಮೇಲೆ ಸುಡುವ ಬಿಲ್ಲೆಯನ್ನು ತೆಗೆಯಬೇಕು. ಅದನ್ನು ಬಿಟ್ಟು ಪೋರ್ಟಾಫಿಲ್ಟರ್ ಬಡಿದರೆ ಅದು ಚರಟದ ಜೊತೆ ನಾಕ್ ಬಾಕ್ಸಿಗೆ (ಚರಟ ಬಡಿದು ಹಾಕುವ ಡಬ್ಬಿ) ಬೀಳುತ್ತದೆ. ಅಯಸ್ಕಾಂತ ಇಟ್ಟು ಎತ್ತೋಣ ಅಂದರೆ 316 ಸ್ಟೀಲನ್ನು ಅಯಸ್ಕಾಂತ ಹಿಡಿಯುವುದಿಲ್ಲ ಅಂತಲೇ ಹೇಳಬೇಕು. ನಾನು ಅಂಚಿಗೆ ಚಮಚದ ಹಿಡಿಯ ತುದಿ ಹಾಕಿ ಮೀಟುತ್ತೇನೆ. ಬಿಲ್ಲೆ ಎದ್ದ ಮೇಲೆ ಕೆಳಗಿನ ಕಾಫಿಯ ಮುಖದ ಮೇಲೆ ಜಾಲರಿಯ ಹೆಣಿಗೆಯ ಅಚ್ಚು ಪೂರ್ತಿ ಮೂಡಿರುತ್ತದೆ. ಅಚ್ಚು ಒಂದು ಪಕ್ಕ ಮಾಸಿದ್ದರೆ ಆ ಪಕ್ಕ ಪುಡಿ ತಗ್ಗಾಗಿತ್ತು, ಟ್ಯಾಂಪ್ ಓರೆಯಾಗಿತ್ತು ಅಂತ ತಿಳಿದುಕೊಳ್ಳಬಹುದು. ಇದು ನನಗೆ ಬಹಳ ಇಷ್ಟವಾದ ಉಪಯೋಗ, ನಾಳೆಯ ಶಾಟನ್ನು ತಿದ್ದಿಕೊಳ್ಳಲು ಸಾಕ್ಷಿ ಕೈಯಲ್ಲೇ ಇರುತ್ತದೆ.

ತೆಗೆದ ಕೂಡಲೆ ನಲ್ಲಿಯ ಕೆಳಗೆ ಹಿಡಿದು ಎರಡೂ ಕಡೆ ತೊಳೆಯಿರಿ. ಒಣಗಲು ಬಿಟ್ಟರೆ ಎಣ್ಣೆ ಪದರಗಳೊಳಗೆ ಕೂತುಬಿಡುತ್ತದೆ. ಪಾತ್ರೆ ತೊಳೆಯುವ ಸೋಪು ಮೇಲ್ಮೈಗೆ ಮಾತ್ರ ಸಾಕು, ಒಳಗೆ ಇಳಿಯುವುದಿಲ್ಲ. ವಾರಕ್ಕೊಮ್ಮೆ ಎಸ್ಪ್ರೆಸೊ ಮೆಷೀನ್ ತೊಳೆಯುವ ಪುಡಿಯನ್ನು ಒಂದು ಚಿಕ್ಕ ಚಮಚ ಬಿಸಿಬಿಸಿ ನೀರಿಗೆ ಹಾಕಿ, ಅದರಲ್ಲಿ ಕಾಲು ಗಂಟೆ ನೆನೆಸಿಟ್ಟರೆ ನೀರು ಕಡುಕಂದು ಆಗುವುದನ್ನು ನೋಡಬಹುದು. ಆಮೇಲೆ ಧಾರಾಳ ನೀರಲ್ಲಿ ಜಾಲಿಸಬೇಕು. ಬೋರ್‌ವೆಲ್ ನೀರಿನವರಿಗೆ ಸುಣ್ಣದ ಬಿಳಿ ಕೂಡ ಕಟ್ಟುತ್ತದೆ, ಅದಕ್ಕೆ ಸಿಟ್ರಿಕ್ ಆಸಿಡ್ ನೀರು ಬೇರೆಯಾಗಿ. ಸ್ಟೀಲ್ ನಾರು ಹಾಕಿ ಉಜ್ಜಬೇಡಿ.

ಎಲ್ಲರಿಗೂ ಇದು ಬೇಕಿಲ್ಲ. ಎರಡು ಗೋಡೆಯ, ಒಂದೇ ತೂತಿನ ಪ್ರೆಶರ್ ಬಾಸ್ಕೆಟ್ ಬಳಸುವವರು, ಸೊಲೆನಾಯ್ಡ್ ವಾಲ್ವ್ ಇಲ್ಲದ ಮೆಷೀನಿನವರು ಇದಕ್ಕೆ ದುಡ್ಡು ಹಾಕುವ ಅವಸರವಿಲ್ಲ. ಹಿಂದಕ್ಕೆ ಎಳೆದುಕೊಳ್ಳುವ ಕಾಟವೇ ಅಲ್ಲಿ ಕಡಿಮೆ. ಬಾಸ್ಕೆಟ್ಟಿನಲ್ಲಿ ಜಾಗವೇ ಇಲ್ಲ, ಪುಡಿಯನ್ನೂ ಕಡಿಮೆ ಮಾಡಲು ಮನಸ್ಸಿಲ್ಲ ಅನ್ನುವವರು ಕಾಗದದ ಫಿಲ್ಟರ್ ಇಟ್ಟು ನೋಡಿ. ಏರೋಪ್ರೆಸ್ ಅನ್ನುವ ಕೈಯಲ್ಲಿ ಒತ್ತುವ ಕಾಫಿ ಸಾಧನದ ಕಾಗದ 64 ಮಿಲಿಮೀಟರ್ ಇರುತ್ತದೆ, ಬಾಸ್ಕೆಟ್ಟಿನ ಅಳತೆಗೆ ಕತ್ತರಿಸಿ ಪುಡಿಯ ಮೇಲೆ ಹಾಸಿದರೆ ಆಯಿತು. ದಪ್ಪವಿಲ್ಲ, ಶಾಖ ನುಂಗುವುದಿಲ್ಲ, ಶವರ್ ಸ್ಕ್ರೀನ್ ಚೊಕ್ಕಟವಾಗಿರುತ್ತದೆ. ಚರಟದ ಜೊತೆಗೇ ಗಿಡದ ಬುಡಕ್ಕೆ ಹಾಕಬಹುದು. ದಿನಾ ಹೊಸ ಕಾಗದ ಬೇಕು ಅನ್ನುವುದೊಂದೇ ಖರ್ಚು.

ನಾರ್ಮ್‌ಕೋರಿನದಕ್ಕೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಅಂಚು ನಯ, ಅಳತೆ ಕರಾರುವಾಕ್ಕು, ಇಷ್ಟು ದಿನದ ಬಳಕೆಯಲ್ಲಿ ಸೊಟ್ಟಗಾಗಿಲ್ಲ. ಒಂದು ಕಳೆದದ್ದು ದಪ್ಪಕ್ಕೆ. ಇದೇ ಗಟ್ಟಿತನದಲ್ಲಿ ಒಂದು ಮಿಲಿಮೀಟರಿನದ್ದು ಸಿಕ್ಕಿದ್ದರೆ ಗಾಜಿಯಾ ಇರುವ ಎಲ್ಲರಿಗೂ ಕಣ್ಣುಮುಚ್ಚಿ ಹೇಳುತ್ತಿದ್ದೆ. ಈಗಾದರೆ ಮೊದಲು ನಾಣ್ಯ ಇಟ್ಟು ನೋಡಿ, ಅದು ಹೂತರೆ 0.8ರದ್ದು ಕೊಳ್ಳಿ.